ಹೆಪಟೈಟಿಸ್ ವೈರಸ್ಸೂ ಪಿತ್ತನಾಳದ ಕ್ಯಾನ್ಸರೂ: ಅಪಾಯವನ್ನು ಲೆಕ್ಕ ಹಾಕುವ ಬಗೆ

ಹೆಪಟೈಟಿಸ್ ಬಿ ಅಥವಾ ಸಿ ವೈರಸ್ಸು ಬಹುಕಾಲ ದೇಹದಲ್ಲಿ ನೆಲೆಸಿದರೆ ಯಕೃತ್ತಿನ ಕ್ಯಾನ್ಸರ್ ಬರಬಹುದು ಎಂಬುದು ಈಗ ಹೊಸ ಸುದ್ದಿಯಲ್ಲ. ಆಸ್ಪತ್ರೆಗಳ ಗೋಡೆಗೆ ಅಂಟಿಸಿದ ಭಿತ್ತಿಪತ್ರಗಳಲ್ಲೂ ಅದನ್ನು ಓದಬಹುದು. ಆದರೆ ಅದೇ ವೈರಸ್ಸುಗಳಿಗೂ ಪಿತ್ತನಾಳಗಳಲ್ಲಿ ಹುಟ್ಟುವ ಬೇರೊಂದು ಕ್ಯಾನ್ಸರಿಗೂ ನಂಟಿದೆ ಎಂಬ ಸಂಗತಿ ವೈದ್ಯರ ವಲಯದಿಂದಾಚೆ ಅಷ್ಟಾಗಿ ಬಂದಿಲ್ಲ. ಬಂದಾಗಲೂ ಅರ್ಧವಷ್ಟೇ ಬರುತ್ತದೆ. ‘ಅಪಾಯ ಐದು ಪಟ್ಟು ಹೆಚ್ಚು’ ಎಂಬ ಒಂದು ಸಾಲು ಮೊಬೈಲಿನಿಂದ ಮೊಬೈಲಿಗೆ ಹೋಗುತ್ತದೆ, ಓದಿದವರ ನಿದ್ದೆ ಕೆಡಿಸುತ್ತದೆ, ಆಮೇಲೆ ಏನು ಮಾಡಬೇಕು ಎಂಬುದನ್ನು ಮಾತ್ರ ಹೇಳುವುದಿಲ್ಲ. ರಕ್ತನಿಧಿಯ ಪ್ರಯೋಗಾಲಯದಲ್ಲಿ ಬಹುಕಾಲ ಕೆಲಸ ಮಾಡಿದ ನನಗೆ, ರಕ್ತದಾನ ಮಾಡಲು ಬಂದು ‘ಎಚ್‌ಬಿಎಸ್‌ಎಜಿ ಪಾಸಿಟಿವ್’, ಅಂದರೆ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ಸಿನ ಗುರುತಿದೆ, ಎಂಬ ಮಾತನ್ನು ಮೊದಲ ಬಾರಿಗೆ ಕೇಳಿಸಿಕೊಂಡ ಎಷ್ಟೋ ಮಂದಿಯ ಮುಖಗಳು ನೆನಪಿವೆ. ಅವರಿಗೆ ಹೇಳಬೇಕಾದ ಮಾತು ಹೆದರಿಸುವಂಥದ್ದೂ ಆಗಿರಬಾರದು, ‘ಏನೂ ಆಗುವುದಿಲ್ಲ ಹೋಗಿ’ ಎಂಬ ಸಮಾಧಾನವೂ ಆಗಿರಬಾರದು. ಈ ಬರಹ ಅವರಿಗಾಗಿ.

ಮೊದಲು ಜಾಗದ ವಿಚಾರ. ಯಕೃತ್ತು ತಯಾರಿಸುವ ಪಿತ್ತರಸವು ಕಣ್ಣಿಗೆ ಕಾಣದಷ್ಟು ಸಣ್ಣ ನಾಳಗಳಲ್ಲಿ ಹೊರಟು, ಮಲೆನಾಡಿನ ಹಳ್ಳಗಳು ಒಂದಕ್ಕೊಂದು ಕೂಡಿ ಹೊಳೆಯಾಗುವಂತೆ, ದೊಡ್ಡ ನಾಳಗಳಿಗೆ ಸೇರಿ, ಯಕೃತ್ತಿನ ಬಾಗಿಲಲ್ಲಿ ಎಡಬಲದ ಎರಡು ನಾಳಗಳಾಗಿ ಕೂಡಿಕೊಂಡು, ಕೊನೆಗೆ ಒಂದೇ ನಾಳವಾಗಿ ಸಣ್ಣ ಕರುಳಿಗೆ ಇಳಿಯುತ್ತದೆ. ಈ ನಾಳಗಳ ಒಳಪದರದ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರಿಗೆ ಕೊಲ್ಯಾಂಜಿಯೊಕಾರ್ಸಿನೋಮಾ ಎಂದು ಹೆಸರು. ಅದು ಯಕೃತ್ತಿನ ಒಳಗಿನ ಸಣ್ಣ ನಾಳಗಳಲ್ಲಿ ಹುಟ್ಟಬಹುದು, ಎರಡು ನಾಳಗಳು ಕೂಡುವ ಬಾಗಿಲಲ್ಲಿ ಹುಟ್ಟಬಹುದು, ಇಲ್ಲವೇ ಕೆಳಗೆ ಕರುಳಿನ ಸಮೀಪದಲ್ಲಿ ಹುಟ್ಟಬಹುದು. ಬಾಗಿಲಲ್ಲಿ ಹುಟ್ಟುವುದೇ ಹೆಚ್ಚು. ಜೆರಾಲ್ಡ್ ಕ್ಲಾಟ್‌ಸ್ಕಿನ್ ಎಂಬ ವೈದ್ಯರು 1965ರಲ್ಲಿ ಅದನ್ನು ವಿವರಿಸಿದ್ದರಿಂದ ಇಂದಿಗೂ ಅದನ್ನು ಕ್ಲಾಟ್‌ಸ್ಕಿನ್ ಗಡ್ಡೆ ಎನ್ನುವುದುಂಟು. ಪಿತ್ತಕೋಶದ ಕ್ಯಾನ್ಸರ್ ಇವೆಲ್ಲಕ್ಕಿಂತ ಬೇರೆ. ಗಂಗಾ ನದಿಯ ಬಯಲಿನಲ್ಲಿ ಹೆಚ್ಚಾಗಿ ಕಾಣುವ ಆ ಕಾಯಿಲೆಗೂ ಈ ಬರಹಕ್ಕೂ ನೇರ ಸಂಬಂಧವಿಲ್ಲ. ಹೆಪಟೈಟಿಸ್ ವೈರಸ್ಸಿನ ನಂಟು ಬಲವಾಗಿ ಕಾಣುವುದು ಈ ಮೂರರಲ್ಲಿ ಒಂದರ ಜೊತೆ ಮಾತ್ರ, ಅಂದರೆ ಯಕೃತ್ತಿನ ಒಳಗೆ ಹುಟ್ಟುವ ಬಗೆಯ ಜೊತೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಈ ನಂಟು ಗೊತ್ತಾದದ್ದು ನಿಧಾನವಾಗಿ. ಅಮೆರಿಕದ ವಿಜ್ಞಾನಿ ಬರೂಕ್ ಬ್ಲಂಬರ್ಗ್ ಅವರು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದ ಪ್ರೋಟೀನನ್ನು, ಅದು ಏನೆಂದು ಇನ್ನೂ ತಿಳಿಯದಿದ್ದ ಕಾಲದಲ್ಲಿ, ‘ಆಸ್ಟ್ರೇಲಿಯಾ ಆಂಟಿಜೆನ್’ ಎಂಬ ಹೆಸರಿನಲ್ಲಿ ವರದಿ ಮಾಡಿದ್ದು 1965ರಲ್ಲಿ. ಹೆಪಟೈಟಿಸ್ ಸಿ ವೈರಸ್ಸು ಪತ್ತೆಯಾಗಲು 1989ರವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಅದನ್ನು ‘ಎ ಅಲ್ಲ, ಬಿ ಅಲ್ಲ’ ಎಂದಷ್ಟೇ ಕರೆಯುತ್ತಿದ್ದರು. ವೈರಸ್ಸುಗಳನ್ನು ರಕ್ತದಲ್ಲಿ ಪತ್ತೆ ಮಾಡುವ ಪರೀಕ್ಷೆಗಳು ಕೈಗೆ ಬಂದ ಮೇಲಷ್ಟೇ ಪಿತ್ತನಾಳದ ಕ್ಯಾನ್ಸರ್ ಆದವರಲ್ಲಿ ಅವು ಎಷ್ಟು ಮಂದಿಯಲ್ಲಿವೆ, ಆಗದವರಲ್ಲಿ ಎಷ್ಟು ಮಂದಿಯಲ್ಲಿವೆ ಎಂದು ಹೋಲಿಸಲು ಸಾಧ್ಯವಾಯಿತು. 2001ರಲ್ಲಿ ಇಟಲಿಯಿಂದ ಬಂದ ಒಂದು ವರದಿ ಹೆಪಟೈಟಿಸ್ ಸಿ ಇರುವವರಲ್ಲಿ ಅಪಾಯ ಒಂಬತ್ತು ಪಟ್ಟಿಗೂ ಮಿಗಿಲು ಎಂದಿತು. ಆದರೆ ಅದರಲ್ಲಿದ್ದ ರೋಗಿಗಳು ಕೇವಲ 26 ಮಂದಿ. ಅಷ್ಟು ಸಣ್ಣ ಸಂಖ್ಯೆಯಿಂದ ಬಂದ ದೊಡ್ಡ ಪಟ್ಟನ್ನು ಜೋರಾಗಿ ಹೇಳಬಾರದು ಎಂದೇ ನನ್ನ ಅಭಿಪ್ರಾಯ.

ನನಗೆ ಹೆಚ್ಚು ತೂಕದ್ದೆನಿಸುವುದು 2009ರಲ್ಲಿ ಪ್ರಕಟವಾದ ಅಮೆರಿಕದ ಮಾಜಿ ಸೈನಿಕರ ಅಧ್ಯಯನ. ಹೆಪಟೈಟಿಸ್ ಸಿ ಇದ್ದ ಸುಮಾರು 1 ಲಕ್ಷ 46 ಸಾವಿರ ಮಂದಿಯನ್ನು, ಆ ವೈರಸ್ಸು ಇಲ್ಲದ ಸುಮಾರು 5 ಲಕ್ಷ 72 ಸಾವಿರ ಮಂದಿಯ ಜೊತೆ ಇಟ್ಟು ವರ್ಷಗಟ್ಟಲೆ ನೋಡಿದರು. ಯಕೃತ್ತಿನೊಳಗಿನ ಪಿತ್ತನಾಳದ ಕ್ಯಾನ್ಸರ್ ಸೋಂಕಿತರಲ್ಲಿ ಎರಡೂವರೆ ಪಟ್ಟು ಹೆಚ್ಚಾಗಿತ್ತು. ಹೊರಗಿನ ನಾಳಗಳ ಕ್ಯಾನ್ಸರಿನಲ್ಲಿ ಖಚಿತವಾಗಿ ಹೇಳಬಹುದಾದ ವ್ಯತ್ಯಾಸ ಕಾಣಲಿಲ್ಲ. ಆ ಅಧ್ಯಯನವನ್ನು ನಾನು ಮೆಚ್ಚುವುದು ಮತ್ತೊಂದು ಕಾರಣಕ್ಕೆ. ಅದು ಪಟ್ಟಿನ ಲೆಕ್ಕದ ಜೊತೆಗೇ ತಲೆಯ ಲೆಕ್ಕವನ್ನೂ ಕೊಟ್ಟಿತು: ಸೋಂಕು ಇಲ್ಲದವರಲ್ಲಿ ವರ್ಷಕ್ಕೆ ಲಕ್ಷಕ್ಕೆ 1.6 ಮಂದಿ, ಸೋಂಕು ಇದ್ದವರಲ್ಲಿ ಲಕ್ಷಕ್ಕೆ 4 ಮಂದಿ. ಅಂದರೆ ಹೆಪಟೈಟಿಸ್ ಸಿ ಇದ್ದ ಒಂದು ಲಕ್ಷ ಜನರಲ್ಲಿ 99,996 ಮಂದಿಗೆ ಆ ವರ್ಷ ಈ ಕ್ಯಾನ್ಸರ್ ಬರಲಿಲ್ಲ. ಎರಡೂವರೆ ಪಟ್ಟು ಎಂಬುದೂ ನಿಜ, ಲಕ್ಷಕ್ಕೆ ನಾಲ್ಕು ಎಂಬುದೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಕೇಳಿದವರಿಗೆ ಸತ್ಯ ಸಿಕ್ಕಂತಾಗುವುದಿಲ್ಲ.

ತೈವಾನಿನಲ್ಲಿ ಹೆರಿಗೆಯ ಕಾಲದಲ್ಲಿ ಹೆಪಟೈಟಿಸ್ ಬಿ ಪರೀಕ್ಷೆಗೆ ಒಳಗಾದ 17 ಲಕ್ಷಕ್ಕೂ ಹೆಚ್ಚು ತಾಯಂದಿರ ದಾಖಲೆಗಳನ್ನು ಕ್ಯಾನ್ಸರ್ ನೋಂದಣಿಯ ಜೊತೆ ಹೊಂದಿಸಿ ನೋಡಿದ ಮತ್ತೊಂದು ಅಧ್ಯಯನ 2011ರಲ್ಲಿ ಬಂತು. ಅಲ್ಲಿ ವೈರಸ್ಸು ಇದ್ದ ತಾಯಂದಿರಲ್ಲಿ ಯಕೃತ್ತಿನೊಳಗಿನ ಪಿತ್ತನಾಳದ ಕ್ಯಾನ್ಸರ್ ಐದು ಪಟ್ಟಿನ ಆಸುಪಾಸಿನಲ್ಲಿತ್ತು; ಆದರೆ ಅವರು ಇನ್ನೂ ಚಿಕ್ಕ ವಯಸ್ಸಿನವರಾದ್ದರಿಂದ ವರ್ಷಕ್ಕೆ ಲಕ್ಷಕ್ಕೆ ಒಬ್ಬರಿಗೂ ಬಂದಿರಲಿಲ್ಲ. ನಂತರ ಹಲವು ದೇಶಗಳ ಅಧ್ಯಯನಗಳನ್ನು ಕಲೆಹಾಕಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ಎರಡಕ್ಕೂ ಒಳನಾಳದ ಕ್ಯಾನ್ಸರಿನ ಅಪಾಯ ನಾಲ್ಕು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಹೊರನಾಳದ್ದು ಎರಡು ಪಟ್ಟಿನ ಆಸುಪಾಸು ಎಂದು ಕಂಡುಬಂತು. ಅದೇ ವಿಶ್ಲೇಷಣೆಯಲ್ಲಿ ಯಕೃತ್ತು ಗಟ್ಟಿಯಾಗಿ ಗಂಟುಗಂಟಾಗುವ ಸಿರೋಸಿಸ್ ಇದ್ದವರಲ್ಲಿ ಒಳನಾಳದ ಕ್ಯಾನ್ಸರಿನ ಅಪಾಯ ಹದಿನೈದು ಪಟ್ಟು. ಸಿರೋಸಿಸ್ ಯಾವ ಕಾರಣದಿಂದ ಬಂದಿದ್ದರೂ ಅಪಾಯವೇ. ವೈರಸ್ಸು ಸಿರೋಸಿಸ್‌ಗೆ ದೊಡ್ಡ ಕಾರಣಗಳಲ್ಲೊಂದಾದ್ದರಿಂದ ಎರಡನ್ನೂ ಬಿಡಿಸಿ ನೋಡುವುದು ಸುಲಭವಲ್ಲ. ಆದರೂ ಸಿರೋಸಿಸ್ ಇಲ್ಲದ ಹೆಪಟೈಟಿಸ್ ಬಿ ಸೋಂಕಿತರಲ್ಲೂ ಈ ಕ್ಯಾನ್ಸರ್ ಕಂಡಿರುವುದು, ವೈರಸ್ಸಿಗೆ ತನ್ನದೇ ಆದ ಪಾತ್ರವೂ ಇದೆ ಎನ್ನಲು ಆಧಾರ.

ಪ್ರದೇಶದಿಂದ ಪ್ರದೇಶಕ್ಕೆ ವ್ಯತ್ಯಾಸವೂ ಇದೆ. ಚೀನಾ, ಕೊರಿಯಾ, ತೈವಾನ್‌ಗಳಲ್ಲಿ ಈ ಕ್ಯಾನ್ಸರಿನ ಜೊತೆ ಮುಖ್ಯವಾಗಿ ಕಾಣಿಸುವುದು ಬಿ; ಜಪಾನ್, ಇಟಲಿ, ಅಮೆರಿಕಗಳಲ್ಲಿ ಸಿ. ಆಯಾ ಜನರಲ್ಲಿ ಯಾವ ವೈರಸ್ಸು ಹೆಚ್ಚು ಕಾಲದಿಂದ ಹರಡಿದೆಯೋ ಅದು ಲೆಕ್ಕದಲ್ಲಿ ಮೇಲೆ ಬರುತ್ತದೆ. ಇನ್ನೊಂದು ತೊಡಕು ದಾಖಲೆಯದು: ಬಾಗಿಲಲ್ಲಿ ಹುಟ್ಟುವ ಕ್ಲಾಟ್‌ಸ್ಕಿನ್ ಗಡ್ಡೆಗಳನ್ನು ಅಮೆರಿಕದ ನೋಂದಣಿಗಳಲ್ಲಿ ಒಂದು ಕಾಲದಲ್ಲಿ ಒಳನಾಳದ ಕ್ಯಾನ್ಸರ್ ಎಂಬ ಸಂಕೇತದಡಿ ಬರೆದಿದ್ದುಂಟು. ಜಾಗ ತಪ್ಪಿ ಬರೆದ ಗಡ್ಡೆಗಳು ಎಷ್ಟೋ ಅಧ್ಯಯನಗಳ ಫಲಿತಾಂಶವನ್ನು ಮಸುಕು ಮಾಡಿರುವುದು ಸಹಜ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಇದೆಲ್ಲವನ್ನೂ ತೂಗಿ ನೋಡಿ ಬಳಸಿದ ಭಾಷೆ ಬಹಳ ಎಚ್ಚರದ್ದು. ಯಕೃತ್ ಕೋಶಗಳ ಕ್ಯಾನ್ಸರಿಗೆ ಬಿ ಮತ್ತು ಸಿ ಕಾರಣ ಎಂಬುದಕ್ಕೆ ಸಾಕಷ್ಟು ಪುರಾವೆ ಇದೆ ಎಂದು ಅದು ನೇರವಾಗಿ ಹೇಳುತ್ತದೆ. ಪಿತ್ತನಾಳದ ಕ್ಯಾನ್ಸರಿನ ವಿಷಯದಲ್ಲಿ ಮಾತ್ರ ಸಂಬಂಧ ಕಂಡುಬಂದಿದೆ ಎಂದಷ್ಟೇ ಹೇಳಿ ನಿಲ್ಲುತ್ತದೆ. ಕ್ಯಾನ್ಸರ್ ಕುರಿತು ಬರೆಯುವ ನಾವೆಲ್ಲರೂ ಈ ಸಂಯಮವನ್ನು ಕಲಿಯಬೇಕು.

ವೈರಸ್ಸು ನೆಲೆಸುವುದು ಯಕೃತ್ ಕೋಶಗಳಲ್ಲಿ. ಹಾಗಿದ್ದರೆ ಪಕ್ಕದ ನಾಳದ ಕೋಶಕ್ಕೆ ಕ್ಯಾನ್ಸರ್ ಬರುವುದು ಹೇಗೆ? ಇದಕ್ಕೆ ಉತ್ತರ ಹುಡುಕಬೇಕಾದರೆ ಭ್ರೂಣದ ಕಾಲಕ್ಕೆ ಹೋಗಬೇಕು. ಯಕೃತ್ ಕೋಶ ಮತ್ತು ಪಿತ್ತನಾಳದ ಕೋಶ ಎರಡೂ ಒಂದೇ ಬಗೆಯ ಮೂಲಕೋಶದಿಂದ ಬೆಳೆದು ಬೇರೆಬೇರೆಯಾದವು. ದೊಡ್ಡವರ ಯಕೃತ್ತಿನಲ್ಲೂ, ಯಕೃತ್ ಕೋಶಗಳ ಸಾಲು ಮುಗಿದು ಅತಿ ಸಣ್ಣ ನಾಳ ಆರಂಭವಾಗುವ ಜಾಗದಲ್ಲಿ, ಎರಡೂ ಬಗೆಯಾಗಿ ಬೆಳೆಯಬಲ್ಲ ಕೋಶಗಳು ಉಳಿದಿರುತ್ತವೆ. ಆರೋಗ್ಯವಾಗಿರುವ ಯಕೃತ್ತಿನಲ್ಲಿ ಅವುಗಳಿಗೆ ಹೆಚ್ಚು ಕೆಲಸವಿಲ್ಲ. ವೈರಸ್ಸಿನ ವಿರುದ್ಧ ದೇಹದ ರೋಗನಿರೋಧಕ ಶಕ್ತಿ ಇಪ್ಪತ್ತು ಮೂವತ್ತು ವರ್ಷ ಹೋರಾಡುತ್ತ, ಸೋಂಕಿತ ಕೋಶಗಳನ್ನು ಕೊಲ್ಲುತ್ತ, ಸತ್ತ ಕೋಶಗಳ ಜಾಗ ತುಂಬಲು ಹೊಸ ಕೋಶಗಳು ಬೇಕಾಗುತ್ತ ಹೋದಾಗ ಈ ಕೋಶಗಳೂ ಎಚ್ಚೆತ್ತು ವಿಭಜಿಸತೊಡಗುತ್ತವೆ. ಪ್ರತಿಯೊಂದು ವಿಭಜನೆಯಲ್ಲೂ ಡಿ.ಎನ್.ಎ. ನಕಲಿಸುವಾಗ ತಪ್ಪು ನುಸುಳುವ ಅವಕಾಶವಿದೆ; ಸುತ್ತಲಿನ ಉರಿಯೂತ ಹೊರಸೂಸುವ ರಾಸಾಯನಿಕಗಳು ಆ ತಪ್ಪುಗಳನ್ನು ಹೆಚ್ಚಿಸುತ್ತವೆ, ತಪ್ಪಿದ ಕೋಶ ಸಾಯದೆ ಉಳಿಯುವುದಕ್ಕೂ ನೆರವಾಗುತ್ತವೆ. ಆ ಕೋಶ ಯಾವ ಕಡೆ ವಾಲುತ್ತದೆಯೋ ಅದರಂತೆ ಯಕೃತ್ ಕೋಶದ ಕ್ಯಾನ್ಸರೋ, ಪಿತ್ತನಾಳದ ಕ್ಯಾನ್ಸರೋ, ಅಪರೂಪಕ್ಕೆ ಒಂದೇ ಗಡ್ಡೆಯಲ್ಲಿ ಎರಡೂ ಬೆರೆತದ್ದೋ ಆಗುತ್ತದೆ. ಬೆರೆತ ಗಡ್ಡೆಗಳು ಇರುವುದೇ ಈ ಸಮಾನ ಮೂಲದ ವಾದಕ್ಕೆ ಬಲ ಕೊಡುತ್ತದೆ.

ಹೆಪಟೈಟಿಸ್ ಬಿ ಇಷ್ಟಕ್ಕೇ ನಿಲ್ಲುವುದಿಲ್ಲ. ಅದು ಡಿ.ಎನ್.ಎ. ವೈರಸ್ಸು, ತನ್ನ ತುಣುಕುಗಳನ್ನು ನಮ್ಮ ಕೋಶದ ಡಿ.ಎನ್.ಎ.ಯೊಳಗೇ ಸೇರಿಸಿಬಿಡಬಲ್ಲದು. ಹೆಪಟೈಟಿಸ್ ಬಿ ಇದ್ದವರ ಪಿತ್ತನಾಳದ ಗಡ್ಡೆಗಳಲ್ಲಿ ಹೀಗೆ ಸೇರಿಕೊಂಡ ವೈರಸ್ಸಿನ ತುಣುಕುಗಳನ್ನು ಸಂಶೋಧಕರು ಕಂಡಿದ್ದಾರೆ. ವೈರಸ್ಸಿನ ‘ಎಕ್ಸ್’ ಎಂಬ ಪ್ರೋಟೀನು ಕೋಶದ ಬೆಳವಣಿಗೆಯ ಹತೋಟಿಯನ್ನು ಕೆಡಿಸುವುದೂ ತಿಳಿದಿದೆ. ಹೆಪಟೈಟಿಸ್ ಸಿ ಆರ್.ಎನ್.ಎ. ವೈರಸ್ಸು, ಅದು ನಮ್ಮ ಡಿ.ಎನ್.ಎ.ಯೊಳಗೆ ಹೊಗುವುದಿಲ್ಲ, ಕೋಶದ ಕೇಂದ್ರದಲ್ಲಿ ಅಡಗಿ ಕೂರುವುದಿಲ್ಲ. ಅದರ ಹಾನಿ ಬಹುಮಟ್ಟಿಗೆ ದೀರ್ಘಕಾಲದ ಉರಿಯೂತ ಮತ್ತು ಸಿರೋಸಿಸ್ ಮೂಲಕ. ಸಿ ಸೋಂಕನ್ನು ಮಾತ್ರೆಗಳಿಂದ ಪೂರ್ತಿ ವಾಸಿ ಮಾಡಲು ಆಗುವುದೂ, ಬಿ ಸೋಂಕನ್ನು ಬಹುತೇಕರಲ್ಲಿ ಅದುಮಿಡಲು ಮಾತ್ರ ಆಗುವುದೂ ಈ ವ್ಯತ್ಯಾಸದಿಂದಲೇ.

ಪಿತ್ತನಾಳದ ಕ್ಯಾನ್ಸರಿಗೆ ವೈರಸ್ಸೇ ಮುಖ್ಯ ಕಾರಣ ಎಂದು ಯಾರೂ ತಿಳಿಯಬಾರದು. ಜಗತ್ತಿನಲ್ಲಿ ಈ ಕ್ಯಾನ್ಸರ್ ಅತಿ ಹೆಚ್ಚು ಕಾಣುವುದು ಥಾಯ್ಲೆಂಡಿನ ಈಶಾನ್ಯ ಭಾಗದಲ್ಲಿ. ಪಶ್ಚಿಮದ ದೇಶಗಳಲ್ಲಿ ವರ್ಷಕ್ಕೆ ಲಕ್ಷಕ್ಕೆ ಒಬ್ಬಿಬ್ಬರಿಗೆ ಬರುವ ಈ ಕಾಯಿಲೆ ಅಲ್ಲಿ ಒಂದು ಕಾಲದಲ್ಲಿ ಲಕ್ಷಕ್ಕೆ 80 ಮಂದಿಯನ್ನೂ ಮೀರಿತ್ತು. ಅಲ್ಲಿನವರು ಇಷ್ಟಪಟ್ಟು ತಿನ್ನುವ, ಸಣ್ಣ ಹಸಿ ಮೀನುಗಳನ್ನು ಕೊಚ್ಚಿ ನಿಂಬೆಹುಳಿ ಹಿಂಡಿ ಮಾಡುವ ‘ಕೊಯ್ ಪ್ಲಾ’ ಎಂಬ ಖಾದ್ಯದ ಮೂಲಕ ಯಕೃತ್ತಿನ ಚಪ್ಪಟೆ ಹುಳು ದೇಹ ಸೇರಿ, ಪಿತ್ತನಾಳದಲ್ಲಿ ವರ್ಷಗಟ್ಟಲೆ ಬದುಕುತ್ತದೆ. 1994ರಲ್ಲೇ ಆ ಹುಳುವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿದರು. ಪಿತ್ತನಾಳದ ಹುಟ್ಟು ಚೀಲಗಳು, ನಾಳದೊಳಗಿನ ಕಲ್ಲುಗಳು, ನಾಳಗಳೇ ಉರಿದು ಕಿರಿದಾಗುವ ಕಾಯಿಲೆ, ಮದ್ಯ, ಮಧುಮೇಹ ಇವೂ ಪಟ್ಟಿಯಲ್ಲಿವೆ. ಜಪಾನಿನ ಒಸಾಕಾದ ಮುದ್ರಣಾಲಯವೊಂದರ ಕೆಲಸಗಾರರಲ್ಲಿ, ಅಚ್ಚಿನ ಯಂತ್ರ ಒರೆಸಲು ಬಳಸುತ್ತಿದ್ದ ದ್ರಾವಕದಿಂದ ಚಿಕ್ಕ ವಯಸ್ಸಿನಲ್ಲೇ ಈ ಕ್ಯಾನ್ಸರ್ ಬಂದದ್ದೂ ದಾಖಲಾಗಿದೆ. ಎಷ್ಟೋ ರೋಗಿಗಳಲ್ಲಿ ಇವ್ಯಾವುವೂ ಇರುವುದಿಲ್ಲ. ಆದರೂ ಈ ಪಟ್ಟಿಯಲ್ಲಿ ವೈರಸ್ಸಿಗೆ ವಿಶೇಷ ಸ್ಥಾನವಿದೆ ಎಂದು ನಾನು ನಂಬುವುದಕ್ಕೆ ಕಾರಣ ಬೇರೆ. ಒಂದಕ್ಕೆ ಲಸಿಕೆ ಇದೆ, ಇನ್ನೊಂದಕ್ಕೆ ವಾಸಿ ಮಾಡುವ ಮಾತ್ರೆ ಇದೆ, ಎರಡನ್ನೂ ಕೆಲವು ಹನಿ ರಕ್ತದಿಂದ ಪತ್ತೆ ಮಾಡಬಹುದು.

ನಮ್ಮ ಚಿಕ್ಕಪ್ಪನಿಗೆ ಬಂದದ್ದು ಇದೇ ಒಳನಾಳದ ಕ್ಯಾನ್ಸರ್. ಹೆಪಟೈಟಿಸ್ ಬಿ ಇದೆ ಎಂಬುದು ಅವರಿಗೆ ಗೊತ್ತಿತ್ತು. ಯಾವುದೋ ಶಸ್ತ್ರಚಿಕಿತ್ಸೆಗೆ ಮುಂಚೆ ಮಾಡಿಸಿದ ಪರೀಕ್ಷೆಯಲ್ಲಿ ತಿಳಿದದ್ದು ಹಳೆಯ ಕಡತದಲ್ಲಿ ಉಳಿದಿತ್ತು. ಸುಸ್ತು, ಬಲ ಪಕ್ಕೆಯ ಕೆಳಗೆ ಮಂದವಾದ ನೋವು, ತೂಕ ಇಳಿಯುತ್ತ ಬಂದದ್ದು ಬಿಟ್ಟರೆ ಬೇರೆ ಸೂಚನೆ ಇರಲಿಲ್ಲ, ಕಣ್ಣು ಹಳದಿಯಾಗಲಿಲ್ಲ. ಬಾಗಿಲಿನಲ್ಲೋ ಕೆಳಗಿನ ನಾಳದಲ್ಲೋ ಹುಟ್ಟುವ ಗಡ್ಡೆ ಪಿತ್ತದ ಹರಿವಿಗೆ ಅಡ್ಡವಾಗಿ ಕಾಮಾಲೆ, ಮೈ ತುರಿಕೆ, ಕಡುಬಣ್ಣದ ಮೂತ್ರ, ಸುಣ್ಣದ ಬಣ್ಣದ ಮಲ ಇವುಗಳಿಂದ ಬೇಗ ಗೊತ್ತಾಗಬಹುದು. ಯಕೃತ್ತಿನೊಳಗಿನ ಸಣ್ಣ ನಾಳದ್ದು ಸದ್ದಿಲ್ಲದೆ ಬೆಳೆಯುತ್ತದೆ. ಸ್ಕ್ಯಾನಿನಲ್ಲಿ ಗಡ್ಡೆ ಕಂಡಾಗ, ಹೆಪಟೈಟಿಸ್ ಬಿ ಇರುವವರಲ್ಲಿ ಸಾಮಾನ್ಯವಾಗಿ ಬರುವುದು ಯಕೃತ್ ಕೋಶದ ಕ್ಯಾನ್ಸರೇ ಆದ್ದರಿಂದ, ಎಲ್ಲರ ಮನಸ್ಸು ಮೊದಲು ಅತ್ತ ಹೋಗುವುದು ಸಹಜ. ಆದರೆ ಯಕೃತ್ ಕೋಶದ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಏರುವ ಎ.ಎಫ್.ಪಿ. ಎಂಬ ರಕ್ತದ ಅಂಶ ಅವರಲ್ಲಿ ಏರಿರಲಿಲ್ಲ, ಬಣ್ಣದ್ರವ ಕೊಟ್ಟು ತೆಗೆದ ಸಿ.ಟಿ.ಯಲ್ಲಿ, ಪಿತ್ತನಾಳದ ಗಡ್ಡೆಯಲ್ಲಿ ಕಾಣುವಂತೆ, ಗಡ್ಡೆಯ ಅಂಚು ಮಾತ್ರ ಬೆಳಗಿತ್ತು. ಬಯಾಪ್ಸಿ ಮಾಡಿಸಬೇಕೆಂದು ವೈದ್ಯರು ಹೇಳಿದ್ದು ಅದಕ್ಕೇ, ಮತ್ತು ಅದರಿಂದಲೇ ನಿಜ ತಿಳಿಯಿತು.

ಈ ವ್ಯತ್ಯಾಸ ಹೆಸರಿನದಷ್ಟೇ ಅಲ್ಲ. ಎರಡು ಕ್ಯಾನ್ಸರುಗಳ ಚಿಕಿತ್ಸೆಯೇ ಬೇರೆ. ಪಿತ್ತನಾಳದ ಕ್ಯಾನ್ಸರನ್ನು ವಾಸಿ ಮಾಡುವ ಮುಖ್ಯ ದಾರಿ ಇಂದಿಗೂ ಶಸ್ತ್ರಚಿಕಿತ್ಸೆಯೇ, ಮತ್ತು ಪತ್ತೆಯಾಗುವ ಹೊತ್ತಿಗೆ ಬಹಳ ಮಂದಿಗೆ ಅದು ಸಾಧ್ಯವಿರುವುದಿಲ್ಲ. 2010ರಲ್ಲಿ ಜೆಮ್‌ಸಿಟಾಬಿನ್ ಎಂಬ ಕಿಮೊಥೆರಪಿ ಔಷಧದ ಜೊತೆ ಸಿಸ್ಪ್ಲಾಟಿನ್ ಎಂಬ ಇನ್ನೊಂದನ್ನು ಸೇರಿಸಿ ಕೊಟ್ಟ ಬ್ರಿಟನ್ನಿನ ಪ್ರಯೋಗದಲ್ಲಿ ರೋಗಿಗಳು ಬದುಕಿದ ಮಧ್ಯಮ ಅವಧಿ 8.1 ತಿಂಗಳಿಂದ 11.7 ತಿಂಗಳಿಗೆ ಏರಿತು. ಆಮೇಲೆ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಔಷಧಗಳೂ, ಗಡ್ಡೆಯ ನಿರ್ದಿಷ್ಟ ಜೀನ್ ದೋಷಕ್ಕೆ ಗುರಿಯಿಟ್ಟ ಮಾತ್ರೆಗಳೂ ಬಂದಿವೆ. ಒಳನಾಳದ ಗಡ್ಡೆಯಲ್ಲಿ ಅಂಥ ಜೀನ್ ದೋಷ ಸಿಗುವ ಸಾಧ್ಯತೆ ಹೆಚ್ಚು. ಆದ್ದರಿಂದ ಬಯಾಪ್ಸಿಯ ತುಣುಕನ್ನು ಆ ಪರೀಕ್ಷೆಗೆ ಕಳಿಸಬಹುದೇ ಎಂದು ಮನೆಯವರು ಕೇಳುವುದರಲ್ಲಿ ತಪ್ಪಿಲ್ಲ. ಮತ್ತೊಂದನ್ನು ಒತ್ತಿ ಹೇಳಬೇಕು: ಹೆಪಟೈಟಿಸ್ ಬಿ ಇರುವವರಿಗೆ ಯಾವ ಕ್ಯಾನ್ಸರಿಗೇ ಆಗಲಿ ಕಿಮೊಥೆರಪಿ ಕೊಡುವಾಗ, ಅಥವಾ ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ಕೊಡುವಾಗ, ಮಲಗಿದ್ದ ವೈರಸ್ಸು ಮತ್ತೆ ಏಳಬಹುದು, ಅದರಿಂದ ಯಕೃತ್ತು ಕೆಲವೇ ವಾರಗಳಲ್ಲಿ ಸೋತುಹೋಗಲೂಬಹುದು. ವೈರಸ್ಸನ್ನು ಅದುಮುವ ಮಾತ್ರೆಯನ್ನು ಮೊದಲೇ ಆರಂಭಿಸಿದರೆ ಇದನ್ನು ತಡೆಯಬಹುದು. ಹಳೆಯ ಕಡತದಲ್ಲಿ ಬರೆದಿಟ್ಟ ‘ಪಾಸಿಟಿವ್’ ಎಂಬ ಮಾತನ್ನು ಹೊಸ ವೈದ್ಯರಿಗೆ ತೋರಿಸುವುದು ಅಷ್ಟು ಮುಖ್ಯ.

ನಮ್ಮ ಕಡೆ ಕಾಮಾಲೆ ಎಂದರೆ ಮೊದಲು ನೆನಪಾಗುವುದು ನೆಲನೆಲ್ಲಿ. ಹಲವು ಊರುಗಳಲ್ಲಿ ಮುಂಜಾನೆ ಖಾಲಿ ಹೊಟ್ಟೆಗೆ ಸೊಪ್ಪಿನ ರಸ ಕೊಡುವ ಮನೆಗಳಿವೆ, ಪಥ್ಯ ಹೇಳುವ ಹಿರಿಯರಿದ್ದಾರೆ. ತೋಳಿಗೆ ಬರೆ ಹಾಕುವವರೂ ಇದ್ದಾರೆ. ನೆಲನೆಲ್ಲಿಯನ್ನು ವಿಜ್ಞಾನಿಗಳು ಕಡೆಗಣಿಸಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಮದ್ರಾಸಿನ ಸಂಶೋಧಕ ತ್ಯಾಗರಾಜನ್ ಅವರು ಸ್ವತಃ ಬ್ಲಂಬರ್ಗ್ ಅವರೊಡನೆ ಸೇರಿ, ಹೆಪಟೈಟಿಸ್ ಬಿ ಇದ್ದವರಿಗೆ ಈ ಗಿಡದ ಪುಡಿ ಕೊಟ್ಟಾಗ ಅರ್ಧಕ್ಕೂ ಹೆಚ್ಚು ಮಂದಿಯಲ್ಲಿ ವೈರಸ್ಸಿನ ಗುರುತು ಮಾಯವಾಯಿತು ಎಂದು 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಅದು ಆಗ ದೊಡ್ಡ ಆಸೆ ಹುಟ್ಟಿಸಿತ್ತು. ನಂತರ ಬೇರೆ ಕಡೆ ನಡೆದ ಪ್ರಯೋಗಗಳಲ್ಲಿ ಆ ಫಲ ಮತ್ತೆ ಕಾಣಲಿಲ್ಲ. ನೀರು ಆಹಾರಗಳಿಂದ ಹರಡುವ ಹೆಪಟೈಟಿಸ್ ಎ ಮತ್ತು ಇ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಅವುಗಳಿಗೂ ಪಿತ್ತನಾಳದ ಕ್ಯಾನ್ಸರಿಗೂ ಸಂಬಂಧವಿಲ್ಲ. ಅಂಥ ಕಾಮಾಲೆ ಸೊಪ್ಪು ಕುಡಿದ ಮೇಲೆ ಇಳಿದಾಗ ಸೊಪ್ಪಿಗೆ ಹೆಸರು ಬರುತ್ತದೆ. ತೊಂದರೆ ಶುರುವಾಗುವುದು ಅರವತ್ತು ದಾಟಿದವರೊಬ್ಬರಿಗೆ ನೋವಿಲ್ಲದೆ ಕಾಮಾಲೆ ಏರುತ್ತ, ತುರಿಕೆ ಹೆಚ್ಚುತ್ತ ಹೋದಾಗಲೂ ಅದೇ ಸೊಪ್ಪಿನ ಮನೆಗೆ ಹೋಗಿ ತಿಂಗಳುಗಳನ್ನು ಕಳೆದಾಗ. ಆ ತಿಂಗಳುಗಳಲ್ಲೇ ಶಸ್ತ್ರಚಿಕಿತ್ಸೆಯ ಅವಕಾಶ ಕೈಜಾರಿರುತ್ತದೆ. ಕಾಮಾಲೆ ಎರಡು ವಾರ ದಾಟಿದರೆ, ಮಲದ ಬಣ್ಣ ಬಿಳಿಚಿದರೆ, ಮೊದಲು ಹೊಟ್ಟೆಯ ಅಲ್ಟ್ರಾಸೌಂಡ್ ಆಗಲೇಬೇಕು.

ತಡೆಗಟ್ಟುವ ವಿಚಾರದಲ್ಲಿ ಮಾತ್ರ ಹೇಳಿಕೊಳ್ಳಬಹುದಾದ ಸಂತೋಷಗಳು ಬಹಳ ಇವೆ. ತಾಯಿಯಿಂದ ಸೋಂಕು ತಗುಲಿದ ಹಸುಗೂಸುಗಳಲ್ಲಿ ಸುಮಾರು ನೂರಕ್ಕೆ 90ರಲ್ಲಿ ಹೆಪಟೈಟಿಸ್ ಬಿ ಜೀವನಪರ್ಯಂತ ಉಳಿಯುತ್ತದೆ. ದೊಡ್ಡವರಾದ ಮೇಲೆ ತಗುಲಿದರೆ ನೂರಕ್ಕೆ ಐದಕ್ಕಿಂತ ಕಡಿಮೆ ಮಂದಿಯಲ್ಲಿ. ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ ಕೊಡಬೇಕೆಂದು ಒತ್ತಾಯಿಸುವುದು ಅದಕ್ಕೇ. ತೈವಾನ್ 1984ರ ಜುಲೈನಲ್ಲಿ ಈ ಕೆಲಸ ಆರಂಭಿಸಿ ಎಲ್ಲರಿಗೂ ದಾರಿ ತೋರಿಸಿತು. ಆರರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಲ್ಲಿ ಯಕೃತ್ ಕೋಶದ ಕ್ಯಾನ್ಸರ್ ಲಕ್ಷಕ್ಕೆ 0.70ರಿಂದ 0.36ಕ್ಕೆ ಇಳಿಯಿತು. ಪಿತ್ತನಾಳದ ಕ್ಯಾನ್ಸರ್ ಸಾಮಾನ್ಯವಾಗಿ ಐವತ್ತು ದಾಟಿದವರಿಗೆ ಬರುವುದು, ಲಸಿಕೆ ಪಡೆದ ಆ ಮೊದಲ ಪೀಳಿಗೆ ಈಗಷ್ಟೇ ನಲವತ್ತರ ಹರೆಯದಲ್ಲಿದೆ; ಲಸಿಕೆಯ ಪೂರ್ಣ ಫಲ ಈ ಕ್ಯಾನ್ಸರಿನಲ್ಲಿ ಕಾಣುವುದು ಮುಂದಿನ ದಶಕಗಳಲ್ಲಿ. ನಮ್ಮಲ್ಲಿ ಲಸಿಕೆ ಬಹುಕಾಲ ಆಮದಿನದೇ ಆಗಿ ಬಡವರ ಕೈಗೆ ಎಟುಕುತ್ತಿರಲಿಲ್ಲ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ದೇಶದಲ್ಲೇ ತಯಾರಿಸಿದ ಲಸಿಕೆಯನ್ನು ಹೊರತಂದ ಮೇಲೆ ಬೆಲೆ ಇಳಿಯಿತು. ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಅದು ಕರ್ನಾಟಕವೂ ಸೇರಿದಂತೆ ಹತ್ತು ರಾಜ್ಯಗಳಿಗೆ 2007-08ರಲ್ಲಿ, ಇಡೀ ದೇಶಕ್ಕೆ 2011ರ ಹೊತ್ತಿಗೆ ಬಂತು. ಅಂದರೆ ಇಂದು ಇಪ್ಪತ್ತು ದಾಟಿರುವ ಬಹುಪಾಲು ಕನ್ನಡಿಗರಿಗೆ, ಮನೆಯವರು ಹಣ ಕೊಟ್ಟು ಹಾಕಿಸಿರದಿದ್ದರೆ, ಈ ಲಸಿಕೆ ಸಿಕ್ಕಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಹೆಪಟೈಟಿಸ್ ಬಿ ಇದ್ದವರು 2.98 ಕೋಟಿ, ಸಿ ಇದ್ದವರು 55 ಲಕ್ಷ. ಇವರಲ್ಲಿ ಹೆಚ್ಚಿನವರಿಗೆ ತಮಗೆ ಸೋಂಕಿದೆ ಎಂಬುದೇ ಗೊತ್ತಿಲ್ಲ. ಸೋಂಕು ಹರಡುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ, ಶುದ್ಧಗೊಳಿಸದ ಸೂಜಿ, ಬ್ಲೇಡು, ಹಚ್ಚೆಯ ಉಪಕರಣಗಳಿಂದ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್ ಬಿ ಹಬ್ಬಿ ಹಲವಾರು ಮಂದಿ ಸತ್ತದ್ದನ್ನು ನಾವು ಮರೆಯಬಾರದು. ನಮ್ಮ ರಕ್ತನಿಧಿಗಳಲ್ಲಿ ಹೆಪಟೈಟಿಸ್ ಸಿ ಪರೀಕ್ಷೆ ಕಡ್ಡಾಯವಾದದ್ದು 2001ರಲ್ಲಿ; ಅದಕ್ಕೂ ಮುಂಚೆ ರಕ್ತ ಪಡೆದವರು, ದೊಡ್ಡ ಶಸ್ತ್ರಚಿಕಿತ್ಸೆಗೋ ಡಯಾಲಿಸಿಸ್‌ಗೋ ಒಳಗಾದವರು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಸಿ ಇದ್ದರೆ ಸಾಮಾನ್ಯವಾಗಿ 12 ವಾರಗಳ ಮಾತ್ರೆಯಿಂದ ನೂರರಲ್ಲಿ 95ಕ್ಕೂ ಹೆಚ್ಚು ಮಂದಿ ವಾಸಿಯಾಗುತ್ತಾರೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ ಮತ್ತು ಸಿ ಎರಡಕ್ಕೂ ಪರೀಕ್ಷೆ, ಔಷಧ ಉಚಿತ. ಆ ದಿನ ಬ್ಲಂಬರ್ಗ್ ಅವರ ಜನ್ಮದಿನ.

ಪಾಸಿಟಿವ್ ಬಂದ ದಾನಿಗಳನ್ನು ರಕ್ತನಿಧಿಯಿಂದ ಕರೆಸಿ ಒಳಗೆ ಕೂರಿಸಿ ಮಾತಾಡುವಾಗ ಅವರ ಮೊದಲ ಪ್ರಶ್ನೆ ಕ್ಯಾನ್ಸರಿನದಾಗಿರುತ್ತಿರಲಿಲ್ಲ. ‘ಮದುವೆ ಗೊತ್ತಾಗಿದೆ ಮೇಡಂ, ಅವರಿಗೆ ಹೇಳಬೇಕಾ?’ ‘ಅಮ್ಮನಿಗೆ ತಟ್ಟೆ ಲೋಟ ಬೇರೆ ಇಡೋಕೆ ಹೇಳಲಾ?’ ತಟ್ಟೆ ಲೋಟದಿಂದ, ಜೊತೆಗೆ ಊಟ ಮಾಡುವುದರಿಂದ, ಮಗುವನ್ನು ಎತ್ತಿಕೊಳ್ಳುವುದರಿಂದ ಇದು ಹರಡುವುದಿಲ್ಲ ಎಂದಾಗ ಎಷ್ಟೋ ಜನ ಅತ್ತುಬಿಡುತ್ತಿದ್ದರು. ಮದುವೆಯಾಗುವವರಿಗೆ ಹೇಳಲೇಬೇಕು, ಏಕೆಂದರೆ ಅವರಿಗೆ ಲಸಿಕೆ ಹಾಕಿಸಿದರೆ ಸೋಂಕು ತಗುಲದಂತೆ ನೋಡಿಕೊಳ್ಳಬಹುದು. ಕೆಲವರು ಆ ವರದಿಯನ್ನು ಯಾರಿಗೂ ಕಾಣದಂತೆ ಬೀರುವಿನಲ್ಲಿಟ್ಟು ಮತ್ತೆಂದೂ ಆಸ್ಪತ್ರೆಯ ಕಡೆ ಬರುತ್ತಿರಲಿಲ್ಲ. ನನ್ನನ್ನು ಹೆಚ್ಚು ಕಾಡಿದವರು ಅವರೇ. ಎಚ್‌ಬಿಎಸ್‌ಎಜಿ ಪಾಸಿಟಿವ್ ಇರುವ ಎಲ್ಲರಿಗೂ ಮಾತ್ರೆ ಬೇಕಿಲ್ಲ. ವೈರಸ್ಸಿನ ಪ್ರಮಾಣ, ಯಕೃತ್ತಿನ ಕಿಣ್ವಗಳು, ಗಟ್ಟಿತನದ ಪರೀಕ್ಷೆ ಇವುಗಳನ್ನು ನೋಡಿ ವೈದ್ಯರು ನಿರ್ಧರಿಸುತ್ತಾರೆ. ಆದರೆ ಮಾತ್ರೆ ಬೇಡದವರಿಗೂ ನಿಗಾ ಬೇಕು. ಸಿರೋಸಿಸ್ ಇರುವವರು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಬೇಕು. ಈ ನಿಗಾವನ್ನು ಯಕೃತ್ ಕೋಶದ ಕ್ಯಾನ್ಸರಿಗಾಗಿ ರೂಪಿಸಿದ್ದು. ಅವರಲ್ಲಿ ಆ ಅಪಾಯ ವರ್ಷಕ್ಕೆ ನೂರಕ್ಕೆ ಒಂದರಿಂದ ನಾಲ್ಕರಷ್ಟು, ಪಿತ್ತನಾಳದ ಕ್ಯಾನ್ಸರಿನದಕ್ಕಿಂತ ಎಷ್ಟೋ ದೊಡ್ಡದು. ಅದೇ ಸ್ಕ್ಯಾನಿನಲ್ಲಿ ಒಳನಾಳದ ಗಡ್ಡೆಯೂ ಸಣ್ಣದಿರುವಾಗ ಸಿಕ್ಕಿಬೀಳುವ ಅವಕಾಶವಿದೆ. ಎ.ಎಫ್.ಪಿ. ಸರಿಯಿದೆ ಎಂಬ ಕಾರಣಕ್ಕೆ ಕಂಡ ಗಂಟನ್ನು ಬಿಡಬಾರದು.

ಚಿಕ್ಕಪ್ಪನ ಕಾಯಿಲೆ ತಿಳಿದ ಮೇಲೆ ವೈದ್ಯರು ಮನೆಯವರನ್ನೆಲ್ಲ ಪರೀಕ್ಷೆ ಮಾಡಿಸಲು ಹೇಳಿದರು. ಅವರ ಒಡಹುಟ್ಟಿದವರಲ್ಲಿ ನಮ್ಮ ಸೋದರತ್ತೆಯ ಪರೀಕ್ಷೆಯೂ ಪಾಸಿಟಿವ್ ಬಂತು. ಅಜ್ಜಿಯಿಂದಲೇ ಇಬ್ಬರಿಗೂ ಬಂದಿರಬೇಕು ಎಂಬುದು ವೈದ್ಯರ ಊಹೆ, ಆ ಕಾಲದ ಹೆರಿಗೆಗಳಲ್ಲಿ ಯಾರೂ ರಕ್ತ ಪರೀಕ್ಷಿಸುತ್ತಿರಲಿಲ್ಲ. ಅತ್ತೆಗೆ ವೈರಸ್ಸಿನ ಪ್ರಮಾಣ ಹೆಚ್ಚಿದ್ದುದರಿಂದ ವೈರಸ್ಸನ್ನು ಅದುಮುವ ಟೆನೊಫೊವಿರ್ ಶುರುವಾಗಿದೆ, ದಿನಕ್ಕೊಂದು ಮಾತ್ರೆ, ಜಿಲ್ಲಾ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ. ಅವರ ಇಬ್ಬರು ಹೆಣ್ಣುಮಕ್ಕಳಲ್ಲಿ ಸೋಂಕು ಇರಲಿಲ್ಲ, ಆದರೆ ಲಸಿಕೆಯ ರಕ್ಷಣೆಯೂ ಇರಲಿಲ್ಲ. ಈಗ ಇಬ್ಬರಿಗೂ ಮೊದಲನೆಯದು, ಒಂದು ತಿಂಗಳ ನಂತರದ್ದು ಆಗಿದೆ. ಆರನೆಯ ತಿಂಗಳಿನದು ಬಾಕಿ ಇದೆ. ಅದಾಗಿ ಒಂದೆರಡು ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯದ ಮಟ್ಟ 10 mIU/mL ದಾಟಿದೆಯೇ ಎಂದು ನೋಡಬೇಕು. ದಾಟಿರದಿದ್ದರೆ ಮೂರೂ ಚುಚ್ಚುಮದ್ದುಗಳನ್ನು ಮತ್ತೊಮ್ಮೆ ಹಾಕಿಸಬೇಕು.